ರಕ್ತನಾಳಗಳ ಜಾಡು ಹಿಡಿದ ಡಾ. ಜೂಡಾ ಫೋಕ್‌ಮನ್

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ಅಮೆರಿಕದ ಶಸ್ತ್ರವೈದ್ಯ ಡಾ. ಜೂಡಾ ಫೋಕ್‌ಮನ್ ಅವರನ್ನು ಆರಿಸಿಕೊಂಡೆ. ಅವರಿಗೆ ನೊಬೆಲ್ ಪಾರಿತೋಷಕ ದೊರೆಯಲಿಲ್ಲ. ಕ್ಯಾನ್ಸರ್ ರೋಗಕ್ಕೆ ಅವರು ರಾಮಬಾಣವನ್ನೂ ಕಂಡುಹಿಡಿಯಲಿಲ್ಲ. ಆದರೆ ತಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು, ಬಲ್ಲವರು ಅಲ್ಲಗಳೆದಾಗಲೂ ಕೈಬಿಡದೆ, ನಾಲ್ಕು ದಶಕಗಳಿಗೂ ಮಿಗಿಲಾಗಿ ಬೆನ್ನಟ್ಟಿದ ಮಹನೀಯರು ಅವರು.

ಫೋಕ್‌ಮನ್ ಜನಿಸಿದ್ದು 1933ರ ಫೆಬ್ರವರಿ 24ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ತಂದೆ ಯೆಹೂದಿ ಧರ್ಮಗುರು. ರೋಗಿಗಳಿಗಾಗಿ ಪ್ರಾರ್ಥಿಸಲು ಅವರು ಆಸ್ಪತ್ರೆಗೆ ಹೋಗುವಾಗ ಬಾಲಕನೂ ಜೊತೆಗಿರುತ್ತಿದ್ದ. ತಾನು ವೈದ್ಯನಾಗಬೇಕೆಂಬ ಹಂಬಲ ಅಲ್ಲಿಯೇ ಮೊಳೆಯಿತು. ಮಗನು ತನ್ನ ವೃತ್ತಿಯನ್ನು ಹಿಡಿಯಲಿಲ್ಲವೆಂದು ತಂದೆ ಮುನಿಯಲಿಲ್ಲ. ವೈದ್ಯನಾದರೂ ಧರ್ಮಗುರುವಿನ ಮನಸ್ಸುಳ್ಳವನಾಗಬೇಕೆಂದು ಹರಸಿದರು. 1957ರಲ್ಲಿ ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದಿಂದ ಪದವಿ ಪಡೆದ ಫೋಕ್‌ಮನ್, 34ನೆಯ ವಯಸ್ಸಿಗೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದರು.

ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ ಪ್ರಯೋಗ ಅದಕ್ಕೂ ಮೊದಲೇ, 1960ರ ದಶಕದ ಆರಂಭದಲ್ಲಿ, ನೌಕಾದಳದ ಸೇವೆಯಲ್ಲಿದ್ದಾಗ ನಡೆದಿತ್ತು. ದೀರ್ಘ ಪ್ರಯಾಣದ ಹಡಗುಗಳಿಗೆ ರಕ್ತದ ಬದಲು ಬಳಸಬಹುದಾದ ದ್ರವವೊಂದನ್ನು ಸಿದ್ಧಪಡಿಸುವ ಕೆಲಸ ಅದು. ದೇಹದಿಂದ ಬೇರ್ಪಡಿಸಿದ ಥೈರಾಯ್ಡ್ ಗ್ರಂಥಿಗೆ ಆ ದ್ರವವನ್ನು ಹರಿಸಿ, ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ನೆಟ್ಟರು. ಗಡ್ಡೆಗಳು ಗುಂಡುಸೂಜಿಯ ತಲೆಯಷ್ಟು ಬೆಳೆದು ನಿಂತುಬಿಟ್ಟವು. ಅವೇ ಗಡ್ಡೆಗಳನ್ನು ಇಲಿಗಳ ಮೈಗೆ ಸೇರಿಸಿದಾಗ ಮಿತಿಮೀರಿ ಬೆಳೆದವು. ಗ್ರಂಥಿಯಲ್ಲಿ ಹೊಸ ರಕ್ತನಾಳಗಳು ಹುಟ್ಟಿರಲಿಲ್ಲ, ಇಲಿಯಲ್ಲಿ ಹುಟ್ಟಿದ್ದವು. ವ್ಯತ್ಯಾಸವೆಲ್ಲ ಅಲ್ಲಿಯೇ ಇತ್ತು.

ಇದರ ಆಧಾರದಿಂದ 1971ರಲ್ಲಿ ಅವರು ಒಂದು ಸಿದ್ಧಾಂತವನ್ನು ಪ್ರಕಟಿಸಿದರು. ಗಡ್ಡೆಯು ಯಾವುದೋ ರಾಸಾಯನಿಕವನ್ನು ಸ್ರವಿಸಿ, ಸುತ್ತಲಿನ ರಕ್ತನಾಳಗಳು ತನ್ನೆಡೆಗೆ ಕವಲೊಡೆಯುವಂತೆ ಮಾಡುತ್ತದೆ. ಹಾಗೆ ಬಂದ ಆಹಾರವಿಲ್ಲದೆ ಅದು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗದು. ಆದುದರಿಂದ ನಾಳಗಳ ಬೆಳವಣಿಗೆಯನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು. ಇದು ತೋಟದ ಕಳೆಗೆ ನೀರಿನ ಕಾಲುವೆಯನ್ನು ಕಟ್ಟಿದಂತೆ. ವಿದ್ವಾಂಸರಲ್ಲಿ ಬಹುಮಂದಿ ಒಪ್ಪಲಿಲ್ಲ. ಗಡ್ಡೆಯ ಸುತ್ತ ಕಾಣುವ ನಾಳಗಳು ಬರಿಯ ಉರಿಯೂತದ ಫಲವೆಂದರು.

ಫೋಕ್‌ಮನ್ ವಾದಕ್ಕಿಂತ ಪ್ರಯೋಗವನ್ನೇ ನಂಬಿದರು. ಕಣ್ಣಿನ ಕಾರ್ನಿಯಾ ಪಾರದರ್ಶಕವಾದುದು, ಅದರಲ್ಲಿ ರಕ್ತನಾಳಗಳಿಲ್ಲ. ಅವರ ತಂಡ ಮೊಲದ ಕಾರ್ನಿಯಾದಲ್ಲಿ ಗಡ್ಡೆಯ ತುಣುಕೊಂದನ್ನಿಟ್ಟಿತು. ಅಂಚಿನಿಂದ ನಾಳಗಳು ಹೊರಟು ಆ ತುಣುಕಿನತ್ತಲೇ ಸಾಗಿದುದನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. 1981ರಲ್ಲಿ ಮುಖ್ಯ ಶಸ್ತ್ರವೈದ್ಯರ ಹುದ್ದೆಯನ್ನು ಬಿಟ್ಟು ಅವರು ಪೂರ್ಣವಾಗಿ ಸಂಶೋಧನೆಗೆ ನಿಂತರು. ನಾಳಗಳನ್ನು ಬೆಳೆಸುವ ಒಂದು ಪ್ರೋಟೀನನ್ನು 1980ರ ದಶಕದಲ್ಲಿ ಅವರ ಸಹೋದ್ಯೋಗಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಬೆಳವಣಿಗೆಯನ್ನು ತಡೆಯುವ ಆಂಜಿಯೋಸ್ಟಾಟಿನ್ 1994ರಲ್ಲಿಯೂ ಎಂಡೋಸ್ಟಾಟಿನ್ 1997ರಲ್ಲಿಯೂ ಅವರ ಪ್ರಯೋಗಾಲಯದಿಂದ ಹೊರಬಂದವು.

1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಈ ಸುದ್ದಿ ಬಂದಾಗ, ರೋಗಿಗಳೂ ಬಂಧುಗಳೂ ಔಷಧಕ್ಕಾಗಿ ಮುಗಿಬಿದ್ದರು. ಇಲಿಗಳಲ್ಲಿ ಕಂಡ ಗುಣ ಮನುಷ್ಯರಲ್ಲಿಯೂ ಕಂಡೀತೆಂದು ಹೇಳಲಾಗದೆಂದು ಅವರು ಎಚ್ಚರಿಸುತ್ತಲೇ ಇದ್ದರು. ಆ ಎಚ್ಚರ ಸರಿಯಾಗಿತ್ತು. ಅಮೆರಿಕದ ಪರೀಕ್ಷೆಗಳಲ್ಲಿ ಎಂಡೋಸ್ಟಾಟಿನ್ ನಿರೀಕ್ಷೆಯನ್ನು ಈಡೇರಿಸಲಿಲ್ಲ. ಆದರೆ ದಾರಿ ಸುಳ್ಳಾಗಲಿಲ್ಲ. ನೆಪೋಲಿಯೋನ್ ಫೆರಾರಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1989ರಲ್ಲಿ ಗುರುತಿಸಿದ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಮನ್ನಣೆ ದೊರೆಯಿತು. ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಕೀಮೋಥೆರಪಿಯೊಂದಿಗೆ ಕೊಟ್ಟಾಗ, ರೋಗಿಗಳ ಮಧ್ಯಮ ಆಯುಸ್ಸು 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಐದು ತಿಂಗಳಿಗೂ ಕಡಿಮೆಯಾದ ಈ ಅವಧಿ ಲೆಕ್ಕದಲ್ಲಿ ಅಲ್ಪ. ಮನೆಯಲ್ಲಿ ಅಂಥ ರೋಗಿಯಿದ್ದವರಿಗೆ ಅದರ ಬೆಲೆ ಗೊತ್ತು.

ಇನ್ನೊಂದು ಫಲ ನಮ್ಮೂರುಗಳ ಹಿರಿಯರಿಗೂ ಪರಿಚಿತವಾದುದು. ಮಧುಮೇಹದಿಂದಲೋ ಮುಪ್ಪಿನಿಂದಲೋ ಅಕ್ಷಿಪಟಲಕ್ಕೆ ತೊಂದರೆಯಾದಾಗ ವೈದ್ಯರು ಕಣ್ಣಿಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ಹಲವು ಈ ವರ್ಗದ ಔಷಧಗಳೇ. ಹೊಸ ನಾಳಗಳನ್ನು ತಡೆದು ಅವು ದೃಷ್ಟಿಯನ್ನು ಕಾಯುತ್ತವೆ. ಮೊಲದ ಕಣ್ಣಿನಲ್ಲಿ ಸಾಕ್ಷ್ಯ ಪಡೆದ ವಿಚಾರ ಮನುಷ್ಯರ ಕಣ್ಣಿಗೆ ಬೆಳಕಾಗಿ ಬಂದಿತು.

2008ರ ಜನವರಿ 14ರಂದು, ಉಪನ್ಯಾಸಕ್ಕೆಂದು ಹೊರಟಿದ್ದ ಫೋಕ್‌ಮನ್ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 74 ವರ್ಷ.

ನಮ್ಮ ಶಾಲೆಯ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದುವವರು. ಬಲ್ಲವರು ನಕ್ಕಾರೆಂದು ಪ್ರಶ್ನೆಯನ್ನು ನುಂಗಿಕೊಳ್ಳದಿರಲಿ. ಪ್ರಯೋಗ ತಮ್ಮ ಪರವಾಗಿ ನಿಂತಾಗ, ಅದು ಹೇಳಿದ್ದಕ್ಕಿಂತ ಹೆಚ್ಚು ಹೇಳದಿರಲಿ. ಫೋಕ್‌ಮನ್ ಅವರ ಬಾಳಿನಿಂದ ನಾನು ಕಲಿತದ್ದು ಈ ಎರಡನ್ನು. ಮುಂದಿನ ಪೀಳಿಗೆಗೆ ಅವನ್ನೇ ಒಪ್ಪಿಸುತ್ತಿದ್ದೇನೆ.