ಕೆಲಸ ಯಾರ ಕೈಗೆ ಸೇರಬೇಕು? ಸುರಪುರದ ಮೆಡೋಸ್ ಟೇಲರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಸೀಮೆಯ ಒಬ್ಬರ ಬಗ್ಗೆ ಬರೆಯಬೇಕೆಂದಾಗ ನಾನು ಆರಿಸಿಕೊಂಡದ್ದು ಫಿಲಿಪ್ ಮೆಡೋಸ್ ಟೇಲರ್ ಅವರನ್ನು. ಅವರು ಪರದೇಶದವರು, ಆಳುವವರ ಕಡೆಯವರು. ಆದರೂ ದುಡಿಮೆಗೆ ಒಂದು ಗುರಿ ಇರಬೇಕು ಎಂಬುದನ್ನು ನಾನು ಅವರ ಬದುಕಿನಲ್ಲಿ ಕಂಡಿದ್ದೇನೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. 1824ರಲ್ಲಿ, ಹದಿನಾರು ತುಂಬುವ ಮೊದಲೇ, ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದರು. ಅಲ್ಲಿ ನೆಲೆ ಸಿಗದೆ ಹೈದರಾಬಾದ್ ನಿಜಾಮರ ಸೇವೆಗೆ ಸೇರಿದರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಭೂಮಾಪನ, ಕಾನೂನು, ಇಲ್ಲಿನ ಭಾಷೆಗಳನ್ನು ಕೆಲಸಕ್ಕೆ ಬೇಕಾದಂತೆ ತಾವೇ ಕಲಿತರು.

1840ರ ದಶಕದ ಆರಂಭದಲ್ಲಿ ಅವರನ್ನು ಸುರಪುರ ಸಂಸ್ಥಾನಕ್ಕೆ ಕಳಿಸಿದರು. ರಾಜಾ ವೆಂಕಟಪ್ಪ ನಾಯಕರು ಆಗಿನ್ನೂ ಬಾಲಕ. ಅವರು ಟೇಲರರನ್ನು ಅಪ್ಪಾ ಎಂದೇ ಕರೆಯುತ್ತಿದ್ದರಂತೆ. ಹತ್ತು ವರ್ಷಕ್ಕೂ ಮಿಕ್ಕಿ ಟೇಲರ್ ಇಲ್ಲಿ ಆಡಳಿತ ನೋಡಿಕೊಂಡರು. ಬೋನಾಳ ಕೆರೆಯನ್ನು ಸುಧಾರಿಸಿದರು. ಗುಡ್ಡದ ಮೇಲೆ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಈ ಆಡಳಿತವೆಲ್ಲ ಒಂದು ದಿನ ಹುಡುಗನ ಕೈಗೆ ಹೋಗಬೇಕಾದದ್ದು. 1853ರಲ್ಲಿ ರಾಜರು ಪ್ರಾಯಕ್ಕೆ ಬಂದಾಗ ಅದನ್ನು ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೊರಟರು.

ಇದೇ ಬುದ್ಧಿ ಅವರ ಬಿಡುವಿನ ಕೆಲಸದಲ್ಲೂ ಇತ್ತು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು, ರಾಜನಕೋಳೂರಿನ ಕಲ್ಲಿನ ಗೋರಿಗಳನ್ನು ಅವರು ಲೋಕಕ್ಕೆ ತಿಳಿಸಿದರು. ಜೇವರ್ಗಿಯ ಬಳಿ ಹಳೆಯ ಗೋರಿಗಳನ್ನು ಅಗೆಸಿದರು. ಆ ಕಾಲದಲ್ಲಿ ಅಗೆಯುವವರು ಬಹಳ ಮಂದಿ ಹುಡುಕುತ್ತಿದ್ದುದು ಬೆಲೆಬಾಳುವ ವಸ್ತುಗಳನ್ನು. ಟೇಲರ್ ಮಾತ್ರ ಮಣ್ಣಿನ ಪದರ, ಎಲುಬು, ಮಡಕೆ ಯಾವುದು ಎಲ್ಲಿತ್ತೆಂದು ಚಿತ್ರ ಬರೆದಿಟ್ಟರು. ಒಮ್ಮೆ ಅಗೆದ ಗೋರಿಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಮುಂದೆ ಬರುವವರಿಗೆ ಉಳಿಯುವುದು ಆ ಚಿತ್ರವೊಂದೇ. ಸುಮಾರು ನೂರು ವರ್ಷಗಳ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿಕೊಂಡರು.

ಗುರಿಯಿಟ್ಟು ಮಾಡಿದ್ದೆಲ್ಲ ಫಲಿಸುತ್ತದೆಂದು ನಾನು ಹೇಳಲಾರೆ. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತರು, ಸೆರೆಯಾದರು. ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡರು. ಮರಣದಂಡನೆ ತಪ್ಪಿದರೂ ಸೆರೆವಾಸಕ್ಕೆ ಒಯ್ಯುವಾಗ ದಾರಿಯಲ್ಲೇ ರಾಜರು ಗುಂಡೇಟಿನಿಂದ ತೀರಿಕೊಂಡರು. ಸುರಪುರ ಅವರನ್ನು ಇಂದಿಗೂ ವೀರನೆಂದೇ ನೆನೆಯುತ್ತದೆ. ಟೇಲರ್ ಒಪ್ಪಿಸಿಕೊಟ್ಟ ಸಂಸ್ಥಾನ ಉಳಿಯಲಿಲ್ಲ. ಟೇಲರ್ 1876ರಲ್ಲಿ ಫ್ರಾನ್ಸಿನಲ್ಲಿ ಕಣ್ಮುಚ್ಚಿದರು.

ಆದರೆ ಬೋನಾಳದಲ್ಲಿ ನೀರು ನಿಲ್ಲುತ್ತದೆ, ಗೋರಿಗಳ ಚಿತ್ರಗಳು ಇಂದಿಗೂ ಓದುವವರಿಗೆ ಸಿಗುತ್ತವೆ. ದಿನವಿಡೀ ಪುಸ್ತಕ ಬಿಡಿಸಿ ಕೂತವರೆಲ್ಲ ಓದಿದವರಲ್ಲ, ರಜಿಸ್ಟರ್ ತುಂಬಿಸಿದವರೆಲ್ಲ ಕಲಿಸಿದವರಲ್ಲ. ನಮ್ಮ ಶಾಲೆಯ ಮಕ್ಕಳು ಕೆಲಸಕ್ಕೆ ಕೈಹಾಕುವ ಮೊದಲು, ಇದು ಮುಗಿದ ಮೇಲೆ ಯಾರ ಕೈಗೆ ಸೇರಬೇಕು ಎಂದು ಒಮ್ಮೆ ಕೇಳಿಕೊಳ್ಳಲಿ ಎಂಬುದೇ ನನ್ನ ಆಸೆ.