ಹನ್ನೆರಡು ಮಂದಿಯ ಓದುಕೂಟ

ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಗುಡುಗುವ ಮೋಡದ ಕೆಳಗೆ ಗಾಳಿಪಟವನ್ನು ಹಾರಿಸಿದ ವಿಜ್ಞಾನಿ. ಚರಿತ್ರೆಯನ್ನು ಓದಿದವರು ಆತನನ್ನು ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲಿ ಒಬ್ಬನೆಂದೂ, ತನ್ನ ನಾಡಿಗೆ ಫ್ರಾನ್ಸಿನ ನೆರವನ್ನು ಸಂಪಾದಿಸಿಕೊಟ್ಟ ರಾಯಭಾರಿಯೆಂದೂ ಬಲ್ಲರು. ಈ ಕೀರ್ತಿಯೆಲ್ಲ ಬರುವುದಕ್ಕೆ ಬಹು ಮುಂಚೆ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಪರರ ಅಚ್ಚುಕೂಟವೊಂದರಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಾಗ ಆತನು ಕೈಹಾಕಿದ ಸಣ್ಣ ಕೆಲಸವೊಂದಿದೆ. ವಾರಕ್ಕೊಮ್ಮೆ ಕೆಲವು ಗೆಳೆಯರನ್ನು ಕೂಡಿಸಿ, ಓದಿದ್ದನ್ನೂ ಯೋಚಿಸಿದ್ದನ್ನೂ ಕುರಿತು ಮಾತನಾಡುವ ಕೂಟ ಅದು. ಆ ಕೂಟದಿಂದ ಒಂದು ಗ್ರಂಥಾಲಯ ಹುಟ್ಟಿತು. ಆ ಗ್ರಂಥಾಲಯವನ್ನು ನೋಡಿ ಅಮೆರಿಕದ ಊರೂರುಗಳಲ್ಲಿ ಅಂಥವೇ ಹುಟ್ಟಿಕೊಂಡವು. ಸಾಮಾನ್ಯವಾಗಿ ಗ್ರಂಥಾಲಯವು ಮೊದಲು, ಓದುಗರ ಗೋಷ್ಠಿ ಅನಂತರ ಎಂದು ನಾವು ತಿಳಿಯುತ್ತೇವೆ. ಫ್ರಾಂಕ್ಲಿನ್ನನ ಬಾಳಿನಲ್ಲಿ ಈ ಕ್ರಮ ತಿರುವುಮುರುವಾಯಿತು. ಅದು ಹೇಗಾಯಿತೆಂಬುದು ಗಮನಿಸತಕ್ಕ ಸಂಗತಿ.

ಫ್ರಾಂಕ್ಲಿನ್ನನು ಹುಟ್ಟಿದ್ದು 1706ನೆಯ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆಯು ಪ್ರಾಣಿಗಳ ಕೊಬ್ಬನ್ನು ಕರಗಿಸಿ ದೀಪದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುತ್ತಿದ್ದವನು. ಎರಡು ಮದುವೆಗಳಿಂದ ಆತನಿಗೆ ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಕಡೆಯವನು ಬೆಂಜಮಿನ್. ಇಷ್ಟು ದೊಡ್ಡ ಸಂಸಾರದಲ್ಲಿ ಓದಿಗೆ ಹಣವೆಲ್ಲಿಯದು? ಎರಡೇ ವರ್ಷ ಶಾಲೆಯ ಮುಖ ಕಂಡ ಹುಡುಗನು ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿಯ ನೂಲು ಕತ್ತರಿಸುತ್ತ ಕುಳಿತನು. ಹನ್ನೆರಡನೆಯ ವಯಸ್ಸಿನಲ್ಲಿ, ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕೆಲಸ ಕಲಿಯುವ ಹುಡುಗನಾಗಿ ಕರಾರುಪತ್ರಕ್ಕೆ ಒಳಪಟ್ಟನು.

ಅಚ್ಚುಕೂಟವು ಆತನಿಗೆ ವಿದ್ಯಾಲಯವಾಯಿತು. ಪುಸ್ತಕ ಮಾರುವವರ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹುಡುಗರ ಸ್ನೇಹವನ್ನು ಸಂಪಾದಿಸಿ, ಸಂಜೆ ಒಂದು ಪುಸ್ತಕವನ್ನು ಕಡ ತಂದು, ರಾತ್ರಿಯೆಲ್ಲ ಓದಿ, ಬೆಳಗಾಗುವಷ್ಟರಲ್ಲಿ ಮಾಸದಂತೆ ಹಿಂದಿರುಗಿಸುತ್ತಿದ್ದನು. ಮ್ಯಾಥ್ಯೂ ಆಡಮ್ಸ್ ಎಂಬ ವರ್ತಕನು ಈ ಹುಡುಗನ ಓದಿನ ಹಂಬಲವನ್ನು ಕಂಡು ತನ್ನ ಸ್ವಂತ ಪುಸ್ತಕಗಳನ್ನು ಕೊಡತೊಡಗಿದನು. ಹದಿನಾರನೆಯ ವಯಸ್ಸಿನ ಸುಮಾರಿನಲ್ಲಿ ಫ್ರಾಂಕ್ಲಿನ್ನನು ಮಾಂಸಾಹಾರವನ್ನು ಬಿಟ್ಟನು. ತನ್ನ ಊಟಕ್ಕೆ ತಗಲುವ ವೆಚ್ಚದಲ್ಲಿ ಅರ್ಧವನ್ನು ಕೈಗೆ ಕೊಟ್ಟರೆ ಸಾಕೆಂದು ಅಣ್ಣನೊಡನೆ ಒಪ್ಪಂದ ಮಾಡಿಕೊಂಡು, ಅದರಲ್ಲಿಯೂ ಅರ್ಧವನ್ನು ಉಳಿಸಿ ಪುಸ್ತಕ ಕೊಂಡನು. ಹಸಿವನ್ನು ಅಳೆದು ಓದನ್ನು ಕೊಂಡ ಈ ಹುಡುಗನಿಗೆ ಪುಸ್ತಕದ ಬೆಲೆ ಎಷ್ಟೆಂಬುದು ಲೆಕ್ಕದಿಂದಲೇ ಗೊತ್ತಿದ್ದಿತು.

ಆದರೆ ಓದಿನೊಡನೆ ಒಂದು ದೋಷವೂ ಬೆಳೆಯಿತು. ಅದು ವಾದದ ಚಪಲ. ಜಾನ್ ಕಾಲಿನ್ಸನೆಂಬ ಗೆಳೆಯನೂ ಇಂಥ ವಾದಪ್ರಿಯನೇ. ಹೆಂಗಸರಿಗೆ ಉನ್ನತ ವಿದ್ಯೆ ತಕ್ಕುದೆ ಎಂಬ ವಿಷಯದಲ್ಲಿ ಇಬ್ಬರಿಗೂ ಪತ್ರಗಳ ಮೂಲಕ ಕಾದಾಟವೇ ನಡೆಯಿತು. ಫ್ರಾಂಕ್ಲಿನ್ನನು ಹೆಂಗಸರ ಪಕ್ಷವನ್ನು ವಹಿಸಿದ್ದನು. ಆದರೆ ಅದು ಭಾಗಶಃ ವಾದದ ಸುಖಕ್ಕಾಗಿಯೇ ಎಂದು ಮುಂದೆ ತಾನೇ ಬರೆದಿಟ್ಟನು. ಆಮೇಲೆ ಸಾಕ್ರೆಟೀಸನ ಪ್ರಶ್ನೆ ಕೇಳುವ ರೀತಿಯನ್ನು ಓದಿ ತಿಳಿದು, ಏನೂ ಅರಿಯದವನಂತೆ ನಟಿಸುತ್ತ, ಎದುರಾಳಿಯನ್ನು ಅವನ ಮಾತಿನಲ್ಲಿಯೇ ಸಿಕ್ಕಿಸುವ ಕಲೆಯನ್ನು ಅಭ್ಯಾಸಮಾಡಿದನು. ಹೀಗೆ ಎಷ್ಟೋ ಮಂದಿಯನ್ನು ಸೋಲಿಸಿದನು. ಕ್ರಮೇಣ ಆತನಿಗೆ ಒಂದು ಅರಿವು ಮೂಡಿತು. ಸೋತವರಾರೂ ಆತನಿಂದ ಏನನ್ನೂ ಕಲಿಯಲಿಲ್ಲ. ಗೆದ್ದ ತಾನೂ ಅವರಿಂದ ಏನನ್ನೂ ಕಲಿಯಲಿಲ್ಲ. ಪ್ರಶ್ನೆಯ ಬಲೆಯನ್ನು ಬಿಟ್ಟು, ವಿನಯದಿಂದ ಮಾತನಾಡುವ ಅಭ್ಯಾಸವನ್ನು ಮಾತ್ರ ಉಳಿಸಿಕೊಂಡನು.

1723ರಲ್ಲಿ ಅಣ್ಣನೊಡನೆ ಮನಸ್ತಾಪವಾಗಿ ಫ್ರಾಂಕ್ಲಿನ್ನನು ಬಾಸ್ಟನ್ನಿನಿಂದ ಓಡಿಹೋಗಿ ಫಿಲಡೆಲ್ಫಿಯವನ್ನು ಸೇರಿದನು. ಮರುವರ್ಷ ಲಂಡನ್ನಿಗೆ ಹೋಗಿ ಅಲ್ಲಿಯ ಅಚ್ಚುಕೂಟಗಳಲ್ಲಿ ದುಡಿದನು. ತಾನಿದ್ದ ಮನೆಯ ಪಕ್ಕದಲ್ಲಿಯೇ ಹಳೆಯ ಪುಸ್ತಕಗಳನ್ನು ಮಾರುವ ಅಂಗಡಿಯೊಂದಿದ್ದಿತು. ಅಲ್ಪ ಬಾಡಿಗೆಗೆ ಪುಸ್ತಕಗಳನ್ನು ಒಯ್ದು ಓದಿ ಹಿಂದಿರುಗಿಸುವಂತೆ ಅಂಗಡಿಯವನೊಡನೆ ಏರ್ಪಾಡು ಮಾಡಿಕೊಂಡನು. 1726ರಲ್ಲಿ ಫಿಲಡೆಲ್ಫಿಯಕ್ಕೆ ಮರಳಿ ಬಂದಾಗ ಈ ಸೌಕರ್ಯವು ತಪ್ಪಿತು. ಬಾಸ್ಟನ್ನಿನಿಂದ ದಕ್ಷಿಣಕ್ಕೆ ಆಗ ಹೇಳಿಕೊಳ್ಳುವಂಥ ಪುಸ್ತಕದ ಅಂಗಡಿ ಒಂದೂ ಇರಲಿಲ್ಲ. ಅಚ್ಚುಕೂಟದವರು ಕಾಗದ, ಪಂಚಾಂಗ, ಹಾಡಿನ ಹಾಳೆಗಳನ್ನು ಮಾರುತ್ತಿದ್ದರು. ಒಳ್ಳೆಯ ಪುಸ್ತಕ ಬೇಕಾದವರು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿಕೊಳ್ಳಬೇಕಾಗಿದ್ದಿತು. ಅದು ಕೈಕೆಲಸದವರ ಶಕ್ತಿಗೆ ಮೀರಿದ ಮಾತು.

ಇಂಥ ಊರಿನಲ್ಲಿ, 1727ರ ಶರತ್ಕಾಲದಲ್ಲಿ, ಆತನು ಕಟ್ಟಿದ ಕೂಟಕ್ಕೆ ಜಂಟೊ ಎಂದು ಹೆಸರು. ಶುಕ್ರವಾರ ಸಂಜೆ ಅದರ ಸಭೆ. ಮೊದಲು ಒಂದು ಪಾನಗೃಹದಲ್ಲಿ, ಆಮೇಲೆ ಗೆಳೆಯನೊಬ್ಬನ ಮನೆಯ ಕೊಠಡಿಯಲ್ಲಿ. ಸದಸ್ಯರು ಹನ್ನೆರಡಕ್ಕೆ ಮೀರಕೂಡದು. ಅವರು ಎಂಥವರೆಂಬುದನ್ನು ನೋಡಬೇಕು. ಜೋಸೆಫ್ ಬ್ರೈಂಟ್ನಲ್ ದಸ್ತಾವೇಜುಗಳನ್ನು ನಕಲು ಬರೆಯುವವನು. ವಿಲಿಯಂ ಪಾರ್ಸನ್ಸ್ ಪಾದರಕ್ಷೆ ಹೊಲಿಯುವವನು. ವಿಲಿಯಂ ಮಾಗ್ರಿಜ್ ಬಡಗಿ. ನಿಕೊಲಸ್ ಸ್ಕಲ್ ಮೋಜಣಿದಾರ. ವಿಲಿಯಂ ಕೋಲ್ಮನ್ ವರ್ತಕನ ಬಳಿಯ ಗುಮಾಸ್ತ. ಅನುಕೂಲಸ್ಥನೆಂದರೆ ರಾಬರ್ಟ್ ಗ್ರೇಸ್ ಒಬ್ಬನೇ. ಪದವಿ ಪಡೆದ ಪಂಡಿತರ ಸಭೆಯಲ್ಲ ಅದು. ಹಗಲೆಲ್ಲ ದುಡಿದು ಸಂಜೆ ಕೈತೊಳೆದುಕೊಂಡು ಬಂದವರ ಸಭೆ.

ಕೂಟದ ನಿಯಮಗಳನ್ನು ಫ್ರಾಂಕ್ಲಿನ್ನನೇ ರಚಿಸಿದನು. ಪ್ರತಿಯೊಬ್ಬನೂ ಸರದಿಯಂತೆ ನೀತಿ, ರಾಜ್ಯಶಾಸ್ತ್ರ, ಪ್ರಕೃತಿ ವಿಜ್ಞಾನಗಳಲ್ಲಿ ಯಾವುದನ್ನಾದರೂ ಕುರಿತು ಪ್ರಶ್ನೆಗಳನ್ನು ತರಬೇಕು. ಮೂರು ತಿಂಗಳಿಗೊಮ್ಮೆ ತನಗೆ ಇಷ್ಟವಾದ ವಿಷಯದ ಮೇಲೆ ಸ್ವಂತ ಪ್ರಬಂಧವನ್ನು ಬರೆದು ಓದಬೇಕು. ಸಭೆಗೆ ಬರುವವರು ಯೋಚಿಸಿಕೊಂಡು ಬರುವುದಕ್ಕೆಂದು ಇಪ್ಪತ್ತನಾಲ್ಕು ಪ್ರಶ್ನೆಗಳ ಪಟ್ಟಿಯೊಂದಿದ್ದಿತು. ಕಳೆದ ವಾರ ಓದಿದ ಪುಸ್ತಕದಲ್ಲಿ ನಾಲ್ವರಿಗೆ ತಿಳಿಸತಕ್ಕದ್ದೇನಾದರೂ ಕಂಡಿತೆ ಎಂಬುದು ಅವುಗಳಲ್ಲಿ ಮೊದಲನೆಯದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ಚರ್ಚೆಯು ಸತ್ಯವನ್ನು ಹುಡುಕುವುದಕ್ಕಾಗಿಯೇ ಹೊರತು ಗೆಲ್ಲುವುದಕ್ಕಾಗಿ ಅಲ್ಲ. ಕೆಲವು ಕಾಲದ ಮೇಲೆ, ತನ್ನ ಮಾತೇ ಖಂಡಿತವೆಂಬಂತೆ ನುಡಿಯುವುದೂ, ಎದುರಿನವನ ಮಾತನ್ನು ನೇರವಾಗಿ ಅಲ್ಲಗಳೆಯುವುದೂ ನಿಷಿದ್ಧವಾದವು. ತಪ್ಪಿದವನು ದಂಡದ ಕಾಸು ತೆರಬೇಕು. ಹದಿಹರೆಯದಲ್ಲಿ ವಾದದ ಮಲ್ಲನಾಗಿದ್ದವನು ತನಗೇ ಹಾಕಿಕೊಂಡ ಕಡಿವಾಣ ಇದು ಎಂಬುದನ್ನು ಓದುಗರು ಊಹಿಸಬಹುದು.

ಈ ಶಿಸ್ತು ಎಲ್ಲರಿಗೂ ಒಗ್ಗಲಿಲ್ಲ. ಗಾಜು ಕೂಡಿಸುವ ಕೆಲಸದ ಥಾಮಸ್ ಗಾಡ್‌ಫ್ರೆ ಸ್ವಂತ ಪರಿಶ್ರಮದಿಂದ ಗಣಿತಜ್ಞನಾದವನು, ನಿಜವಾದ ಪ್ರತಿಭಾವಂತ. ಆದರೆ ಯಾರು ಏನು ನುಡಿದರೂ ಆತನಿಗೆ ಗಣಿತದ ನಿಖರತೆಯೇ ಬೇಕು. ಅಲ್ಪ ವಿಷಯಕ್ಕೂ ತಕರಾರು, ಪದಪದಕ್ಕೂ ತಿದ್ದುಪಡಿ. ಮಾತು ಮುಂದೆ ಸಾಗುವಂತಿಲ್ಲ. ಆತನು ಬೇಗನೆ ಕೂಟವನ್ನು ಬಿಟ್ಟನು. ಗೋಷ್ಠಿಗಳನ್ನು ನಡೆಸಿದ ಅಧ್ಯಾಪಕರೆಲ್ಲರಿಗೂ ಗಾಡ್‌ಫ್ರೆ ಪರಿಚಿತನೇ ಅಲ್ಲವೆ?

ಜಂಟೊ ಸುಮಾರು 40 ವರ್ಷ ಬಾಳಿತು. ಕಾಗದದ ಹಣವು ಊರಿಗೆ ಹಿತವೋ ಅಹಿತವೋ ಎಂಬ ಚರ್ಚೆ ಅಲ್ಲಿ ನಡೆದು, ಅದರ ಫಲವಾಗಿ 1729ರಲ್ಲಿ ಫ್ರಾಂಕ್ಲಿನ್ನನ ಕಿರುಹೊತ್ತಗೆ ಹೊರಬಂದಿತು. ಬೆಂಕಿ ಅನಾಹುತಗಳ ಮೇಲಿನ ಆತನ ಪ್ರಬಂಧವನ್ನು ಮೊದಲು ಕೇಳಿದ್ದೂ ಈ ಗೆಳೆಯರೇ; 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಸಂಘ ಏರ್ಪಟ್ಟಿತು. ಕೂಟದ ಕೀರ್ತಿ ಹಬ್ಬಿ ಸೇರಬಯಸುವವರು ಹೆಚ್ಚಿದಾಗ, ಸಂಖ್ಯೆಯನ್ನು ಏರಿಸಲು ಫ್ರಾಂಕ್ಲಿನ್ನನು ಒಪ್ಪಲಿಲ್ಲ. ಪ್ರತಿ ಸದಸ್ಯನೂ ಇದೇ ನಿಯಮಗಳಿಂದ ಬೇರೊಂದು ಕೂಟವನ್ನು ಕಟ್ಟಲಿ ಎಂದನು. ಅಂಥವು ಐದಾರು ನಡೆದವು. ಎಲ್ಲರೂ ಮಾತನಾಡಬೇಕಾದರೆ ಮಂದಿ ಕಡಮೆಯಿರಬೇಕೆಂಬುದು ಆತನಿಗೆ ತಿಳಿದಿದ್ದಿತು.

ಇನ್ನು ಗ್ರಂಥಾಲಯದ ಮಾತು. ಚರ್ಚೆಯ ನಡುವೆ ಪುಸ್ತಕಗಳ ಆಧಾರವು ಮೇಲಿಂದ ಮೇಲೆ ಬೇಕಾಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಪುಸ್ತಕಗಳನ್ನು ತಂದು ಕೂಟದ ಕೊಠಡಿಯಲ್ಲಿ ಇಟ್ಟರೆ, ಪ್ರತಿಯೊಬ್ಬನಿಗೂ ಎಲ್ಲವೂ ದೊರೆತಂತಾಗುವುದೆಂದು ಫ್ರಾಂಕ್ಲಿನ್ನನು ಸೂಚಿಸಿದನು. ಕೊಠಡಿಯ ಒಂದು ಗೋಡೆಯಷ್ಟು ಪುಸ್ತಕಗಳು ಸೇರಿದವು. ಆದರೆ ಎಲ್ಲರದೂ ಆದದ್ದು ಯಾರದೂ ಆಗಲಿಲ್ಲ. ನೋಡಿಕೊಳ್ಳುವವರಿಲ್ಲದೆ ಪುಸ್ತಕಗಳು ಕೆಟ್ಟವು. ಸುಮಾರು ಒಂದು ವರ್ಷದ ಮೇಲೆ ಅವರವರ ಪುಸ್ತಕಗಳನ್ನು ಅವರವರು ಮನೆಗೆ ಒಯ್ದರು.

ಈ ಸೋಲಿನಿಂದ ಆತನು ಪಾಠ ಕಲಿತನು. ಸದ್ಭಾವನೆಯೊಂದೇ ಸಾಲದು, ಕಟ್ಟಳೆ ಬೇಕು, ಚಂದಾ ಬೇಕು, ಹೊಣೆಹೊತ್ತ ಒಬ್ಬ ಗ್ರಂಥಪಾಲಕ ಬೇಕು. 1731ರ ಜುಲೈ 1ರಂದು ಫಿಲಡೆಲ್ಫಿಯದ ಲೈಬ್ರರಿ ಕಂಪೆನಿಯ ಒಪ್ಪಂದಪತ್ರವು ಸಿದ್ಧವಾಯಿತು. ಸೇರುವಾಗ 40 ಷಿಲಿಂಗ್, ಆಮೇಲೆ ವರ್ಷಕ್ಕೆ 10 ಷಿಲಿಂಗ್. ಬೇಕಾದವರು 50 ಚಂದಾದಾರರು. ಬಹುಮಂದಿ ಕಸಬುದಾರ ಯುವಕರು. ಅಷ್ಟು ಮಂದಿಯನ್ನು ಕೂಡಿಸುವುದು ಸುಲಭವಾಗಲಿಲ್ಲ. ಇದು ತನ್ನ ಯೋಜನೆಯೆಂದು ಹೇಳಿಕೊಂಡು ಹೋದ ಕಡೆ ಜನರು ಹಿಂಜರಿದರು; ನೆರೆಯವನಿಗೆ ಕೀರ್ತಿ ಬರುವ ಕಾರ್ಯಕ್ಕೆ ಹಣ ಕೊಡುವ ಉತ್ಸಾಹ ಯಾರಿಗೂ ಇರುವುದಿಲ್ಲ. ಆಗ ಫ್ರಾಂಕ್ಲಿನ್ನನು ತನ್ನನ್ನು ಮರೆಮಾಡಿಕೊಂಡು, ಓದಿನಲ್ಲಿ ಪ್ರೀತಿಯುಳ್ಳ ಕೆಲವು ಗೆಳೆಯರ ಯೋಜನೆಯಿದು, ತಾನು ಬರಿಯ ಅವರ ದೂತನು ಎಂದು ಹೇಳತೊಡಗಿದನು. ಕೆಲಸವು ಸರಾಗವಾಯಿತು.

ವಿದ್ವಾಂಸನಾದ ಜೇಮ್ಸ್ ಲೋಗನ್ನನ ಸಲಹೆಯನ್ನು ಪಡೆದು 1732ರಲ್ಲಿ ಲಂಡನ್ನಿಗೆ ಪುಸ್ತಕಗಳ ಪಟ್ಟಿ ಹೋಯಿತು. ಆ ವರ್ಷವೇ ಪೆಟ್ಟಿಗೆಗಳು ಬಂದು ಇಳಿದವು. ಲೂಯಿ ತಿಮೊತೆ ಎಂಬಾತನು ಸಂಬಳದ ಗ್ರಂಥಪಾಲಕನಾದನು; ಆಮೇಲೆ ಕೆಲವು ಕಾಲ ಫ್ರಾಂಕ್ಲಿನ್ನನೇ ಆ ಕೆಲಸ ಮಾಡಿದನು. ಪುಸ್ತಕವನ್ನು ಮನೆಗೆ ಒಯ್ಯುವ ಚಂದಾದಾರನು, ಹಿಂದಿರುಗಿಸದಿದ್ದರೆ ಇಮ್ಮಡಿ ಬೆಲೆ ತೆರುವೆನೆಂದು ಬರೆದುಕೊಡಬೇಕಾಗಿದ್ದಿತು. ಫ್ರಾಂಕ್ಲಿನ್ನನಂತೂ ದಿನಕ್ಕೆ ಒಂದೆರಡು ಗಂಟೆಗಳನ್ನು ಓದಿಗಾಗಿಯೇ ತೆಗೆದಿಟ್ಟು, ಶಾಲೆಯಲ್ಲಿ ತಪ್ಪಿದ್ದನ್ನು ಇಲ್ಲಿ ತುಂಬಿಕೊಂಡನು. ಲಂಡನ್ನಿನಲ್ಲಿ ಗ್ರಂಥಾಲಯದ ಪರವಾಗಿ ಪುಸ್ತಕಗಳನ್ನು ಕೊಳ್ಳುತ್ತಿದ್ದ ಪೀಟರ್ ಕಾಲಿನ್ಸನ್ ಎಂಬ ವರ್ತಕನು 1740ರ ದಶಕದಲ್ಲಿ ಪುಸ್ತಕಗಳೊಡನೆ ವಿದ್ಯುತ್ ಪ್ರಯೋಗಕ್ಕೆ ಒದಗುವ ಗಾಜಿನ ಕೊಳವೆಯೊಂದನ್ನು ಕಳುಹಿಸಿದನು. ಆ ಕೊಳವೆಯಿಂದ ತೊಡಗಿದ ಪ್ರಯೋಗಗಳೇ ಫ್ರಾಂಕ್ಲಿನ್ನನನ್ನು ಜಗತ್ಪ್ರಸಿದ್ಧ ವಿಜ್ಞಾನಿಯನ್ನಾಗಿ ಮಾಡಿದವು. ಗಾಳಿಪಟದ ಕಥೆಯ ಬೇರು ಗ್ರಂಥಾಲಯದಲ್ಲಿದೆ.

ಇಷ್ಟನ್ನು ಹೊಗಳಿದ ಮೇಲೆ ಒಂದು ಕೊರತೆಯನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಹುಡುಗನಾಗಿದ್ದಾಗ ಹೆಂಗಸರ ವಿದ್ಯೆಗಾಗಿ ವಾದಿಸಿದವನ ಕೂಟದಲ್ಲಿ ಒಬ್ಬ ಹೆಂಗಸಿಗೂ ಸ್ಥಾನವಿರಲಿಲ್ಲ. ಚಂದಾ ತೆರಲಾರದ ಬಡವನಿಗೆ ಗ್ರಂಥಾಲಯದ ಬಾಗಿಲು ಅರ್ಧ ಮಾತ್ರ ತೆರೆದಿದ್ದಿತು. ಇವೆಲ್ಲಕ್ಕಿಂತ ಘೋರವಾದುದು, ಫ್ರಾಂಕ್ಲಿನ್ನನ ಮನೆಯಲ್ಲಿ ಗುಲಾಮರಿದ್ದುದು. ಗುಲಾಮರ ಮಾರಾಟದ ಜಾಹೀರಾತುಗಳು ಆತನ ಪತ್ರಿಕೆಯಲ್ಲಿ ಅಚ್ಚಾದುವು. ಸತ್ಯಾನ್ವೇಷಣೆಗೆ ಕುಳಿತ ಹನ್ನೆರಡು ಮಂದಿಯ ಕೊಠಡಿಯ ಹೊರಗೆ ಆ ಜನರು ಉಳಿದೇ ಇದ್ದರು. ಈ ತಿಳಿವು ಆತನಲ್ಲಿ ಮೂಡಲು ಬಹುಕಾಲ ಹಿಡಿಯಿತು. 1787ರಲ್ಲಿ ಆತನು ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದನು. ಸಾಯುವ ವರ್ಷದ ಫೆಬ್ರವರಿಯಲ್ಲಿ, ಆ ಪದ್ಧತಿಯನ್ನು ತೊಡೆಯಬೇಕೆಂದು ಕೋರುವ ಮನವಿಗೆ ರುಜು ಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದನು. ತಡವಾದರೂ ಆತನು ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು.

ಅಭಿಪ್ರಾಯವನ್ನು ತಿದ್ದಿಕೊಳ್ಳುವ ಈ ಗುಣವನ್ನೇ ಆತನು ಕಡೆಗೆ ಒಂದು ರಾಷ್ಟ್ರಕ್ಕೆ ಬೋಧಿಸಿದನು. 1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯದಲ್ಲಿ ಅಮೆರಿಕದ ಸಂವಿಧಾನಕ್ಕೆ ರುಜು ಬೀಳಬೇಕಾಗಿದ್ದಿತು. ಹಲವರಿಗೆ ಹಲವು ಆಕ್ಷೇಪಣೆಗಳು. ಫ್ರಾಂಕ್ಲಿನ್ನನಿಗೆ ಆಗ 81 ವರ್ಷ. ಆತನು ಬರೆದು ತಂದ ಭಾಷಣವನ್ನು ಜೇಮ್ಸ್ ವಿಲ್ಸನ್ ಓದಿದನು. ಈ ಸಂವಿಧಾನದ ಎಲ್ಲ ಭಾಗಗಳೂ ತನಗೆ ಒಪ್ಪಿಗೆಯಿಲ್ಲ. ಆದರೆ ತನ್ನ ತೀರ್ಪೇ ತಪ್ಪಿದ್ದ ಎಷ್ಟೋ ಸಂದರ್ಭಗಳನ್ನು ದೀರ್ಘಾಯುಷ್ಯದಲ್ಲಿ ಕಂಡಿದ್ದೇನೆ. ಪ್ರತಿಯೊಬ್ಬರೂ ತಾನು ತಪ್ಪಲಾರೆನೆಂಬ ನಂಬಿಕೆಯನ್ನು ಸ್ವಲ್ಪ ಸಂದೇಹಿಸಿ ರುಜು ಹಾಕಲಿ ಎಂಬುದು ಅದರ ತಾತ್ಪರ್ಯ. ಅರವತ್ತು ವರ್ಷಗಳ ಹಿಂದೆ ಕಟ್ಟಿದ ಶುಕ್ರವಾರದ ಕೂಟದ ನಿಯಮವೇ ಇಲ್ಲಿ ರಾಜ್ಯನೀತಿಯಾಯಿತು.

ಮ್ಯಾಸಚೂಸೆಟ್ಸ್ ಪ್ರಾಂತದ ಊರೊಂದು ಆತನ ಹೆಸರನ್ನೇ ಇಟ್ಟುಕೊಂಡು, ತಮ್ಮ ಚರ್ಚಿಗೆ ಒಂದು ಗಂಟೆಯನ್ನು ಕೊಡಿಸಬೇಕೆಂದು ಬಯಸಿದ್ದಿತು. ಗಂಟೆಯ ಬದಲು ಪುಸ್ತಕಗಳನ್ನು ಕೊಡುವುದು ಲೇಸೆಂದು ತೋರಿ, 1785ರಲ್ಲಿ ಆತನು 25 ಪೌಂಡಿನ ಪುಸ್ತಕಗಳನ್ನು ಆರಿಸಿಕೊಡುವಂತೆ ಲಂಡನ್ನಿನ ಗೆಳೆಯ ರಿಚರ್ಡ್ ಪ್ರೈಸನಿಗೆ ಬರೆದನು. ಪುಸ್ತಕಗಳು ಬಂದವು; ಅವುಗಳನ್ನು ಯಾರು ಓದಬಹುದೆಂಬ ಪ್ರಶ್ನೆಯೂ ಬಂದಿತು. ಫ್ರಾಂಕ್ಲಿನ್ನನು 1790ರ ಏಪ್ರಿಲ್ 17ರಂದು ತೀರಿಕೊಂಡನು. ಅದೇ ವರ್ಷ ಆ ಊರಿನವರು ಸಭೆ ಸೇರಿ, ಊರಿನ ನಿವಾಸಿಗಳೆಲ್ಲರಿಗೂ ಪುಸ್ತಕಗಳನ್ನು ಎರವಲು ಕೊಡತಕ್ಕದ್ದೆಂದು ತೀರ್ಮಾನಿಸಿದರು. ಚಂದಾ ಇಲ್ಲ, ಷರತ್ತಿಲ್ಲ. ಫಿಲಡೆಲ್ಫಿಯದಲ್ಲಿ ಅರ್ಧ ತೆರೆದಿದ್ದ ಬಾಗಿಲನ್ನು ಆ ಪುಟ್ಟ ಊರಿನ ಜನ ಪೂರ್ತಿಯಾಗಿ ತೆರೆದರು.