ಹಳ್ಳಿ ಸಹಕಾರಕ್ಕೆ ದಾರಿ ತೋರಿದ ರೈಫೈಸನ್

ನಮ್ಮಂಥ ಸಂಘಗಳ ಸದಸ್ಯರೆಲ್ಲ ನೆನೆಯಬೇಕಾದ ಹೆಸರು ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಇವರು 1818ರ ಮಾರ್ಚ್ 30ರಂದು ಜರ್ಮನಿಯ ಹಾಮ್ ಎಂಬ ಊರಲ್ಲಿ ಹುಟ್ಟಿದರು. ಕಣ್ಣುಬೇನೆಯಿಂದ ಸೈನ್ಯ ಬಿಟ್ಟು, 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಮೇಯರ್ ಆದರು.

1846-47ರ ಚಳಿಗಾಲದಲ್ಲಿ ಬರ ಬಂತು. ಜನರಿಗೆ ಹೊಟ್ಟೆಗೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ರೈಫೈಸನ್ ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಬೇಕರಿ ಕಟ್ಟಿಸಿ, ಬಡವರಿಗೆ ಅಗ್ಗದ ದರದಲ್ಲಿ ಬ್ರೆಡ್ಡನ್ನು ಕಡ ಕೊಡಿಸಿದರು. ನೆರೆಯವನ ಸೇವೆಯೇ ಕ್ರಿಸ್ತನ ಸೇವೆ ಎಂಬ ನಂಬಿಕೆಯನ್ನು ಅವರು ಚರ್ಚಿನಲ್ಲೇ ಬಿಟ್ಟು ಬರಲಿಲ್ಲ, ಕಚೇರಿಗೂ ತಂದರು.

1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಸುಮಾರು 60 ಅನುಕೂಲಸ್ಥರನ್ನು ಜಾಮೀನು ನಿಲ್ಲಿಸಿ, ಬಡ ರೈತರು ದನ ಕೊಳ್ಳಲು ನೆರವಾದರು. ಆದರೆ ಉಳ್ಳವರ ಉತ್ಸಾಹ ಬರಬರುತ್ತಾ ತಣ್ಣಗಾಯಿತು. ದಾನವೊಂದನ್ನೇ ನೆಚ್ಚಿದರೆ ಕೆಲಸ ನಿಲ್ಲದೆಂದು ಅರಿತು, 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ದಾರಿ ಬದಲಿಸಿದರು. ಸಾಲ ಬೇಕಾದವನೇ ಸದಸ್ಯನಾಗಬೇಕು. ಸಂಘದ ಸಾಲಕ್ಕೆ ಎಲ್ಲರೂ ಹೊಣೆ. ಆಡಳಿತ ಮಂಡಳಿಗೆ ಸಂಬಳವಿಲ್ಲ. ಒಬ್ಬ ಕಂತು ತಪ್ಪಿಸಿದರೆ ಪೆಟ್ಟು ನೆರೆಮನೆಗೆ! ಹೀಗೆ ಸಾಲ ತೀರಿಸುವುದೂ ನೆರೆಯವನ ಸೇವೆಯೇ ಆಯಿತು.

ದೃಷ್ಟಿ ತೀರಾ ಮಂಕಾದಾಗ ಮಗಳು ಅಮಾಲಿಯಾ ಅವರ ಕಣ್ಣಾದಳು. 1866ರಲ್ಲಿ ಸಾಲ ಸಂಘಗಳ ಬಗ್ಗೆ ಪುಸ್ತಕ ಹೊರತಂದರು. 1888ರ ಮಾರ್ಚ್ 11ರಂದು ತೀರಿಕೊಂಡರು.

ಮದರಾಸಿನ ಅಧಿಕಾರಿ ಫ್ರೆಡ್ರಿಕ್ ನಿಕೋಲ್ಸನ್ ಈ ಪದ್ಧತಿಯನ್ನು ಅಭ್ಯಸಿಸಿ ಶಿಫಾರಸು ಮಾಡಿದರು. 1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಬೆಳ್ಳಿಹಬ್ಬದ ಈ ದಿನ ನಾವು ಅವರಿಗೆ ಸಲ್ಲಿಸಬಹುದಾದ ಗೌರವ ಒಂದೇ: ವಾಯಿದೆಗೆ ಸರಿಯಾಗಿ ಕಂತು ಕಟ್ಟುವುದು.